ವರ್ನಾ ಗಾಳಿ ನಿಲ್ಲಿಸಿದ ಮಧ್ಯಾಹ್ನ

ವರ್ನಾ ಸೋಲ್‌ಹೈಮ್ ನಮ್ಮ ಗ್ಯಾರೇಜಿಗೆ ಮೇಸ್ತ್ರಿಯಾಗಿ ಬಂದ ಮೊದಲ ಬೆಳಿಗ್ಗೆಯೇ ಆಂಬ್ರೋಸ್ ಲಾವಿಯೊಲೆಟ್‌ನ ನಟ್ಟು ಬಿಚ್ಚುವ ಸಾಕೆಟ್‌ಗಳನ್ನು ಗುಜರಿ ಡ್ರಮ್ಮಿಗೆ ಸುರಿದಳು. ಡಬ್ಬಿಯನ್ನೇ ಬೋರಲು ಹಾಕಿ ಸುರಿದಳು. ಆ ಸದ್ದಿಗೆ ಶೆಡ್ಡಿನಲ್ಲಿದ್ದ ನಾವೆಲ್ಲ ಕೆಲಸ ಬಿಟ್ಟು ತಿರುಗಿ ನೋಡಿದೆವು.

"ಅವು ನಮ್ಮಪ್ಪಂದು ಕಣೇ!" ಅಂತ ಆಂಬ್ರೋಸ್ ಕೂಗಿದ.

"ನಿಮ್ಮಪ್ಪ ಕೈಯಲ್ಲಿ ತಿರುಗಿಸ್ತಿದ್ದ. ನೀನು ಗಾಳಿಯಿಂದ ತಿರುಗೋ ಏರ್ ಗನ್ನಿಗೆ ಸಿಗಿಸ್ತಿದೀಯ. ಈ ಹೊಳೆಯೋ ಸಾಕೆಟ್ಟು ಗನ್ನಿನ ಏಟು ತಡೆಯಲ್ಲ, ಸಿಡಿಯುತ್ತೆ. ಗನ್ನಿಗೇ ಅಂತ ಮಾಡಿರೋ ಕಪ್ಪು ಸಾಕೆಟ್ಟು ತಗೋ. ಕಣ್ಣಿಗೆ ಕನ್ನಡಕ ಹಾಕ್ಕೋ."

"ಆಯ್ತು ಟೀಚರಮ್ಮ. ಚಡ್ಡಿ ಯಾವ ಬಣ್ಣದ್ದು ಹಾಕ್ಕೊಳ್ಳಲಿ, ಅದನ್ನೂ ಹೇಳ್ಬಿಡಿ."

ಎಲ್ಲರೂ ನಕ್ಕೆವು. ಆಕೆ ಮಾತ್ರ ನಗಲಿಲ್ಲ. ಉತ್ತರದ ಗಣಿಯ ವರ್ಕ್‌ಶಾಪಿನಲ್ಲಿ ಅರ್ಧ ಆಯಸ್ಸು ದುಡಿದು ಬಂದವಳು. ಅಲ್ಲಿಯ ಗನ್ನುಗಳ ಗದ್ದಲಕ್ಕೆ ಎಡಗಿವಿ ಹೋಗಿತ್ತು. ಬೈಗುಳ ಎಡಗಡೆಯಿಂದ ಬಂದರೆ ಆಕೆಗೆ ಮುಟ್ಟುತ್ತಲೇ ಇರಲಿಲ್ಲ. ಇದು ಗೊತ್ತಾದ ಮೇಲೆ ಆಂಬ್ರೋಸ್ ಬಲಗಡೆಯೇ ನಿಂತು ಬೈಯುವುದನ್ನು ಕಲಿತ.

ಅವನ ಸಿಟ್ಟಿಗೆ ಬೇರೆ ಬೇರು ಇತ್ತು. ನಮ್ಮ ಮೂಸ್ ಜಾ ಊರಿನ ಸುತ್ತಮುತ್ತ ಅವನಷ್ಟು ಬೇಗ ಲಾರಿ ಚಕ್ರ ಬಿಚ್ಚುವವರು ಇರಲಿಲ್ಲ. ಹಳೆ ಮೇಸ್ತ್ರಿ ಹೋದಾಗ ಆ ಜಾಗ ತನಗೇ ಅಂದುಕೊಂಡಿದ್ದ. ಮಾಲೀಕ ಒರೆಸ್ಟ್ ಪ್ರೊಕೋಪ್ ಅವನಿಗೆ ಹೂಂ ಅಂದು, ಹೊರಗಿನಿಂದ ಇವಳನ್ನು ಕರೆತಂದ. ಪ್ರೊಕೋಪ್ ಮೇಲೆ ತೀರಿಸಿಕೊಳ್ಳಲಾಗದ್ದನ್ನೆಲ್ಲ ಆಂಬ್ರೋಸ್ ವರ್ನಾ ಮೇಲೆ ತೀರಿಸಿಕೊಂಡ. ಒಂದು ದಿನ ಆಕೆಯ ಬೂಟಿನೊಳಗೆ ಗೋಫರ್ ಅನ್ನೋ ಸತ್ತ ಹೊಲದಿಲಿ ತುರುಕಿದ. ಆಕೆ ಅದನ್ನು ಬಾಲ ಹಿಡಿದು ಎತ್ತಿ ತಂದು, ಅವನ ಊಟದ ಡಬ್ಬಿ ತೆಗೆದು, ಪೆರೋಗಿ ಕಡುಬುಗಳ ಮೇಲೆ ಮಲಗಿಸಿ, ಮುಚ್ಚಳ ಹಾಕಿ ಹೋದಳು.

ಗಾಳಿ ಪೈಪಿನ ವಿಷಯದಲ್ಲಿ ಮಾತ್ರ ಜಗಳ ತಮಾಷೆಯಾಗಿ ಉಳಿಯಲಿಲ್ಲ. ಪೈಪು ಪೈಪು ಸೇರುವ ಕಡೆಯೆಲ್ಲ ವರ್ನಾ ಗಟ್ಟಿ ತಂತಿ ಕಟ್ಟಿಸಿದಳು. ಜೋಡಣೆ ಕಿತ್ತುಬಂದರೂ ಪೈಪು ಹಾವಿನಂತೆ ಎದ್ದು ಬಡಿಯದಂತೆ ಆ ತಂತಿ ಹಿಡಿದುಕೊಳ್ಳುತ್ತೆ. ಗನ್ನಿನ ಮೇಲೆ ಬರೆದಿರುವುದಕ್ಕಿಂತ ಹೆಚ್ಚು ಗಾಳಿ ಬಿಡಬಾರದು ಅಂತಲೂ ಹೇಳಿದಳು. ಆಂಬ್ರೋಸ್‌ಗೆ ತಂತಿ ಕಾಲಿಗೆ ತೊಡರುತ್ತಿತ್ತಂತೆ. ಕತ್ತರಿ ತಂದು ತನ್ನ ಪೈಪಿನದನ್ನು ಕತ್ತರಿಸಿ ಬಿಸಾಡಿದ. ಗಾಳಿಯ ತಿರುಪನ್ನೂ ಮನಬಂದಷ್ಟು ಏರಿಸಿಟ್ಟ.

ಆಗ ಗೋಧಿ ಕೊಯ್ಲು. ಅಂಗಳದಲ್ಲಿ ಲಾರಿಗಳು ಸಾಲುಗಟ್ಟಿದ್ದವು. ರೈತರು ಹಾರ್ನ್ ಹೊಡೆಯುತ್ತಿದ್ದರು. ಊಟ ಮುಗಿಸಿ ಬಂದ ವರ್ನಾ ಆಂಬ್ರೋಸ್‌ನ ಪೈಪಿನಲ್ಲಿ ತಂತಿಯ ತುಂಡು ನೇತಾಡುವುದನ್ನು ನೋಡಿದಳು. ನೇರ ಗೋಡೆಯ ಹತ್ತಿರ ಹೋಗಿ ದೊಡ್ಡ ವಾಲ್ವ್ ತಿರುಗಿಸಿದಳು. ಇಡೀ ಶೆಡ್ಡಿನ ಗನ್ನುಗಳು ಉಸಿರು ಬಿಟ್ಟು ಸುಮ್ಮನಾದವು.

ಆಂಬ್ರೋಸ್ ಗನ್ನು ಹಿಡಿದುಕೊಂಡೇ ಎದ್ದು ಬಂದ. "ತೆಗೀತೀಯೋ, ಇಲ್ಲ ನಿನ್ನ ತಲೇಲಿ ಇರೋ ನಟ್ಟು ಬಿಚ್ಚಲೋ?"

"ತಂತಿ ಕಟ್ಟು. ಗಾಳಿ ಇಳಿಸು. ಆಮೇಲೆ ತೆಗೀತೀನಿ."

"ನೀನು ಯಾರೇ ನನಗೆ ಹೇಳೋಕೆ?"

"ಮೇಸ್ತ್ರಿ. ಅದೇ ತಾನೇ ನಿನ್ನ ಹೊಟ್ಟೆಯುರಿ?"

ಅಷ್ಟರಲ್ಲಿ ಪ್ರೊಕೋಪ್ ಆಫೀಸಿನಿಂದ ಓಡಿ ಬಂದ. "ಏನ್ರೀ ಇದು? ಹೊರಗೆ ಜನ ನನ್ನ ಜನ್ಮ ಜಾಲಾಡ್ತಿದಾರೆ, ನೀವಿಲ್ಲಿ ನಾಟಕ ಆಡ್ತಿದೀರ?" ಅಂದವನೇ ವರ್ನಾಳನ್ನು ಭುಜದಿಂದ ಪಕ್ಕಕ್ಕೆ ತಳ್ಳಿ, ವಾಲ್ವನ್ನು ಒಂದೇ ಏಟಿಗೆ ಪೂರ್ತಿ ತೆರೆದ.

ನಾನು ಎದುರಿಗೇ ಇದ್ದೆ, ಎಲ್ಲ ಕಂಡಿತು. ನುಗ್ಗಿದ ಗಾಳಿಗೆ ಆಂಬ್ರೋಸ್‌ನ ಪೈಪು ಉಬ್ಬಿ, ಜೋಡಣೆ ಫಟ್ ಅಂತ ಕಿತ್ತುಕೊಂಡಿತು. ತುದಿಯ ಕಬ್ಬಿಣ ಮೇಲೆದ್ದು ಅವನ ದವಡೆಗೆ ಬಡಿಯಿತು. ಬಿದ್ದ ಮೇಲೂ ಬಿಡಲಿಲ್ಲ. ಪೈಪು ನೆಲ, ಲಾರಿ, ಅವನ ಬೆನ್ನು, ಸಿಕ್ಕಿದ್ದಕ್ಕೆಲ್ಲ ಚಚ್ಚುತ್ತಿತ್ತು. ಪ್ರೊಕೋಪ್ ವಾಲ್ವ್ ಬಿಟ್ಟು ಆಫೀಸಿನೊಳಗೆ ಓಡಿದ. ವರ್ನಾ ಹೊಟ್ಟೆಯ ಮೇಲೆ ತೆವಳುತ್ತಾ ಹೋದಳು. ದಾರಿಯಲ್ಲಿ ಪೈಪು ಒಮ್ಮೆ ಆಕೆಯ ತೋಳಿಗೂ ಬಾರಿಸಿತು. ಕೈ ಮೇಲೆತ್ತಿ ವಾಲ್ವ್ ಮುಚ್ಚಿದಳು. ಆಮೇಲೆ ಎದ್ದು ನಿಂತು ಮೊದಲು ಆಡಿದ ಮಾತು, "ಯಾರಾದ್ರೂ ಆಂಬುಲೆನ್ಸ್ ಕರೀರಿ, ಮುಟ್ಠಾಳರಾ!"

ಆಂಬ್ರೋಸ್‌ನ ದವಡೆ ಎರಡು ಕಡೆ ಮುರಿದಿತ್ತು. ಆಸ್ಪತ್ರೆಯಲ್ಲಿ ತಂತಿಯಿಂದ ಹಲ್ಲಿಗೆ ಹಲ್ಲು ಕಟ್ಟಿ ಮಲಗಿಸಿದ್ದರು. ಮಾರನೆಯ ದಿನ ನಾನು ಅವನ ಪಕ್ಕ ಕೂತಿದ್ದಾಗ ಪ್ರೊಕೋಪ್ ಬಂದ. ನಾನಿದ್ದೇನೆ ಅಂತಲೂ ನೋಡದೆ ಹಾಸಿಗೆಯ ಮೇಲೆ ಬಾಗಿದ.

"ಕಾರ್ಮಿಕ ಇಲಾಖೆಯವರು ವಿಚಾರಣೆಗೆ ಬರ್ತಾರೆ. ಗಾಳಿ ನಿಲ್ಲಿಸಿದ್ದೂ ಅವಳೇ, ತೆಗೆದಿದ್ದೂ ಅವಳೇ ಅಂದ್ಬಿಡು. ಅವಳು ಹೋಗ್ತಾಳೆ. ಆ ಜಾಗ ನಿಂದು. ಈ ಸಲ ಮೋಸ ಇಲ್ಲ."

ಆಂಬ್ರೋಸ್ ಕಣ್ಣು ಮುಚ್ಚಿಕೊಂಡ. ಒಪ್ಪಿದ ಅಂದುಕೊಂಡು ಪ್ರೊಕೋಪ್ ಹೋದ. ನಾನೂ ಹಾಗೇ ಅಂದುಕೊಂಡೆ. ಅವನಿಗೆ ಬೇಕಾಗಿದ್ದುದೆಲ್ಲ ಒಂದು ಸುಳ್ಳಿನಷ್ಟು ಹತ್ತಿರ ಬಂದಿತ್ತು.

ಸಂಜೆ ಇಲಾಖೆಯ ಹೆಂಗಸು ಬಂದಳು. ಕಟ್ಟಿದ ಹಲ್ಲುಗಳ ಸಂದಿಯಿಂದ ಆಂಬ್ರೋಸ್ ಒಂದೊಂದೇ ಮಾತನ್ನು ಉಗುಳಿದ.

"ಆ ಹೆಂಗಸನ್ನ ಕಂಡ್ರೆ ನಂಗಾಗಲ್ಲ. ಮೊದಲು ಅದನ್ನ ಬರ್ಕೊಳ್ಳಿ. ಬರ್ಕೊಂಡ್ರಾ? ತಂತಿ ಕತ್ತರಿಸಿದ್ದು ನಾನು. ಗಾಳಿ ಏರಿಸಿದ್ದು ನಾನು. ವಾಲ್ವ್ ತೆಗೆದಿದ್ದು ಪ್ರೊಕೋಪ್. ತೆಗೆದು ಓಡಿಹೋದ. ಅವಳು ಮುಚ್ಚಿದಳು."

ಕೊಯ್ಲಿನ ನಡುವೆಯೇ ಇಲಾಖೆ ಗ್ಯಾರೇಜು ಮುಚ್ಚಿಸಿತು. ರೈತರು ಶಾಪ ಹಾಕುತ್ತಾ ಲಾರಿಗಳನ್ನು ರೆಜೈನಾ ನಗರಕ್ಕೆ ಒಯ್ದರು. ಕೆಲಸವಿಲ್ಲದೆ ಕೂತ ನಮ್ಮವರು ಅದಕ್ಕೂ ವರ್ನಾಳನ್ನೇ ದೂರಿದರು. ಆಕೆಯ ಪಿಕಪ್ಪಿನ ಟೈರನ್ನು ಯಾರೋ ಸೀಳಿಟ್ಟರು. ಪೆಟ್ಟಾದ ತೋಳಿಗೆ ಪಟ್ಟಿ ಸುತ್ತಿಕೊಂಡು, ಒಂದೇ ಕೈಯಲ್ಲಿ, ಎಲ್ಲರೂ ನೋಡುತ್ತಿರುವಂತೆ ಆಕೆ ಟೈರು ಬದಲಿಸಿದಳು. ನಾನು ಜಾಕಿ ಹಿಡಿಯಲು ಹೋದೆ. "ಇಷ್ಟು ದಿನ ಎಲ್ಲಿ ಸತ್ತಿದ್ದೆ? ದೂರ ನಿಲ್ಲು," ಅಂದಳು. ನಿಂತೆ.

ಆಮೇಲೆ ಆಸ್ಪತ್ರೆಗೂ ಹೋದಳು. ಬಾಗಿಲಲ್ಲೇ ನಿಂತು, "ನನಗೆ ಉಪಕಾರ ಮಾಡ್ದೆ ಅಂದ್ಕೋಬೇಡ. ನಡೆದಿದ್ದನ್ನ ಹೇಳಿದೀಯ, ಅಷ್ಟೇ," ಅಂದಳು.

"ನಿನಗೋಸ್ಕರ ಯಾವನು ಹೇಳ್ದ? ನನ್ನನ್ನ ಸುಳ್ಳುಗಾರ ಮಾಡೋಕೆ ಬಂದಿದ್ದ ಆ ನನ್ಮಗ."

"ಕನ್ನಡಕಾನೂ ಹಾಕಿರ್ಲಿಲ್ಲ ನೀನು. ಕಣ್ಣು ಕಾಣ್ಸುತ್ತಾ?"

"ಕಾಣ್ಸುತ್ತೆ. ನಿನ್ನ ಮುಖಾನೂ ಕಾಣ್ಸುತ್ತೆ, ಅದೇ ಕಷ್ಟ. ನಡಿ ಆಚೆ."

ಹಿಮ ಬಿದ್ದ ಮೇಲೆ ಗ್ಯಾರೇಜು ತೆರೆಯಿತು. ಆಂಬ್ರೋಸ್ ವಾಪಸು ಬಂದ ದಿನ ಪ್ರೊಕೋಪ್ ಬಾಗಿಲಿಗೇ ಬಂದು ಕೈ ಚಾಚಿದ. ಆಂಬ್ರೋಸ್ ಆ ಕೈಯನ್ನು ಗಾಳಿಯಲ್ಲೇ ಬಿಟ್ಟು ಒಳಗೆ ನಡೆದ. ವರ್ನಾ ಕಾಫಿ ಲೋಟದಿಂದ ತಲೆ ಎತ್ತಲಿಲ್ಲ.

"ಎರಡನೇ ಲಾರಿ. ಹಿಂದಿನ ಚಕ್ರ."

"ನಂಗೂ ಕಣ್ಣಿದೆ."

"ಇರೋದಕ್ಕೇ ಹೇಳಿದ್ದು. ಮುಚ್ಕೋ ಅದನ್ನ."

ಅವನು ಏನೋ ಗೊಣಗುತ್ತಾ ಮೊಳೆಗೆ ನೇತುಹಾಕಿದ್ದ ಕನ್ನಡಕ ತೆಗೆದು ಮೂಗಿಗೇರಿಸಿಕೊಂಡ. ಅವಳಿಗೆ ಸರಿಯಾಗಿ ಕೇಳಲಿ ಅಂತ ಬಲಗಡೆಗೆ ಬಂದು ಮತ್ತೊಂದು ಸಲ ಗೊಣಗಿ, ಲಾರಿ ಕಡೆ ಹೋದ. ಅವರಿಬ್ಬರೂ ಮುಂದೆಯೂ ಒಂದೇ ಮೇಜಿನಲ್ಲಿ ಊಟ ಮಾಡಿದ್ದನ್ನು ನಾನು ನೋಡಿಲ್ಲ.