ಹಳದಿ ಗೆರೆಯಾಚೆ ಕಾಲು ಸುತ್ತು

ತಪ್ಪು ನನ್ನದು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನ ಬಾಯಿಂದ ಇದು ಹೊರಡುವುದು ಕಷ್ಟ. ಕೋಪ ಮೂಗಿನ ತುದಿಯಲ್ಲೇ ಇರುವ ಹೆಂಗಸು ನಾನು. ಬೇರೆಯವರ ತಪ್ಪನ್ನು ಬೀದಿಗೆಲ್ಲ ಕೇಳುವಂತೆ ಹೇಳಿ ಅಭ್ಯಾಸ, ನನ್ನದನ್ನು ಹೇಳಿ ಅಭ್ಯಾಸವಿಲ್ಲ.

ನಮ್ಮದು ಎರಡು ಕಾರು ಹಿಡಿಯುವ ಗ್ಯಾರೇಜು. ಅಪ್ಪ ಕಟ್ಟಿದ್ದು, ಈಗ ನಾನು ನಡೆಸುತ್ತಿರುವುದು. ಆರು ತಿಂಗಳ ಹಿಂದೆ ಅಪ್ಪನಿಗೆ ಲಕ್ವ ಹೊಡೆಯಿತು. ಕಾಲು ಸರಿಹೋಯಿತು, ಮಾತು ಸರಿಹೋಯಿತು, ಬಲಗೈ ಬೆರಳುಗಳಿಗೆ ಮಾತ್ರ ಸ್ಪರ್ಶ ಮರಳಲಿಲ್ಲ. ಬಿಸಿ ಲೋಟ ಹಿಡಿದರೂ ಗೊತ್ತಾಗುವುದಿಲ್ಲ. ಆದರೂ ಕಳೆದ ಸೋಮವಾರ ಅಂಗಿ ತೋಳು ಮಡಚಿಕೊಂಡು ಬಂದು ನಿಂತರು.

"ಒಂದೇ ಒಂದು ಗಾಡಿ ನನ್ನ ಕೈಯಿಂದ ಕೆಟ್ಟು ವಾಪಸ್ ಬಂದ್ರೆ, ಅವತ್ತೇ ನನ್ನ ಸ್ಪ್ಯಾನರ್ ಪೆಟ್ಟಿಗೆ ಮುಚ್ಚಿ ಮನೆಗೆ ಹೋಗ್ತೀನಿ. ಬ್ರೇಕ್ ಅಂದ್ರೆ ಹುಡುಗಾಟ ಅಲ್ಲ" ಎಂದರು.

ಮೊದಲು ಸಿಕ್ಕಿದ್ದೇ ಬ್ರೇಕ್ ಕೆಲಸ. ಮನೆಮನೆಗೆ ಹೋಗಿ ಬಸುರಿ ಬಾಣಂತಿಯರನ್ನು ನೋಡಿಕೊಳ್ಳುವ ನರ್ಸಮ್ಮನ ಹಳೇ ಕಾರು. ಬ್ರೇಕ್ ಎಣ್ಣೆ ಬದಲಿಸಿ, ಒಳಗೆ ಸೇರಿದ ಗಾಳಿ ತೆಗೆಯಬೇಕಿತ್ತು. ಗಾಳಿ ಹೋಗಲು ಪ್ರತಿ ಚಕ್ರದಲ್ಲೂ ಬ್ರೇಕ್ ಒತ್ತಿ ಹಿಡಿಯುವ ಕ್ಯಾಲಿಪರಿನಲ್ಲಿ ಕಿರುಬೆರಳಿಗಿಂತ ಸಣ್ಣ ಬ್ಲೀಡರ್ ಸ್ಕ್ರೂ ಇರುತ್ತದೆ. ಗಾಳಿ ತೆಗೆದು ಅದನ್ನು ಬಿಗಿ ಮಾಡಿದ ಮೇಲೆ ಅಪ್ಪ ಸ್ಕ್ರೂವಿನಿಂದ ಕ್ಯಾಲಿಪರಿನವರೆಗೆ ಹಳದಿ ಬಣ್ಣದಲ್ಲಿ ಒಂದು ಗೆರೆ ಎಳೆಯುತ್ತಾರೆ. ಸ್ಕ್ರೂ ಚೂರು ಅಲುಗಿದರೂ ಗೆರೆ ಮುರಿಯುತ್ತದೆ. ನಾನು ಹುಟ್ಟುವುದಕ್ಕೆ ಮುಂಚಿನಿಂದ ಇರುವ ಪದ್ಧತಿ ಅದು.

ಎಲ್ಲ ಮುಗಿಸಿ ಅವರು ಕೈ ತೊಳೆಯಲು ಹಿಂದಕ್ಕೆ ಹೋದರು. ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ಆ ಕೈ ಎಷ್ಟು ಬಿಗಿ ಮಾಡಿದೆಯೋ ಏನೋ, ನರ್ಸಮ್ಮ ಇಳಿಜಾರಿನಲ್ಲಿ ಓಡಾಡುವವರು. ಯಾವುದಕ್ಕೂ ಇರಲಿ ಎಂದು ಉದ್ದನೆಯ ಸ್ಪ್ಯಾನರ್ ಹಾಕಿ ಮುಂದಿನ ಎಡಚಕ್ರದ ಸ್ಕ್ರೂಗೆ ಇನ್ನೊಂದು ಕಾಲು ಸುತ್ತು ಕೊಟ್ಟೆ. ಕೊನೆಯಲ್ಲಿ ಕೈಗೆ ಏನೋ ಮೆತ್ತಗಾದಂತೆ ಅನಿಸಿತು. ಅಷ್ಟರಲ್ಲಿ ಅಪ್ಪ ಕೆಮ್ಮುತ್ತಾ ಬಂದರು, ನಾನು ಎದ್ದುಬಿಟ್ಟೆ.

ಮಾರನೇ ದಿನ ಬೆಳಿಗ್ಗೆ ಹತ್ತಕ್ಕೆ ಕಾರು ವಾಪಸ್ ಬಂತು.

"ಪೆಡಲ್ ಹತ್ತಿ ತುಳಿದ ಹಾಗಾಗ್ತಿದೆ, ಚಕ್ರದ ಒಳಗೆಲ್ಲ ಒದ್ದೆ" ಎಂದರು ನರ್ಸಮ್ಮ. "ನಿಧಾನಕ್ಕೆ, ಕೈಬ್ರೇಕ್ ಹಿಡ್ಕೊಂಡೇ ಬಂದೆ. ಮೂರು ಗಂಟೆಗೆ ಗುಡ್ಡದ ಮೇಲಿನ ಮನೇಲಿ ಒಬ್ಬಳು ಕಾಯ್ತಿರ್ತಾಳೆ. ಅವಳಿಗೆ ದಿನ ತುಂಬಿದೆ."

ಯಾವ ಚಕ್ರ ಎಂದು ಕೇಳಲೇ ಇಲ್ಲ, ಗೊತ್ತಿತ್ತು. ನಾನು ಜ್ಯಾಕ್ ತರುವಷ್ಟರಲ್ಲಿ ಅಪ್ಪ ಸ್ಟೀರಿಂಗ್ ತಿರುಗಿಸಿ ಚಕ್ರ ಓರೆ ಮಾಡಿ, ದೀಪ ಹಿಡಿದು, ನೆಲಕ್ಕೆ ಮಲಗಿ ಒಳಗೆ ಇಣುಕಿದ್ದರು. ಬಟ್ಟೆಯಿಂದ ಏನೋ ಒರೆಸಿ ಎದ್ದು ಕೂತರು.

"ನನ್ನ ಕೈಯೇ ಹೆಚ್ಚು ಬಿಗಿ ಮಾಡಿಬಿಡ್ತು. ಕ್ಯಾಲಿಪರ್ ಒಳಗೆ ಸ್ಕ್ರೂ ಕಚ್ಚೋ ಥ್ರೆಡ್ ಹರಿದಿದೆ. ಸ್ಕ್ರೂ ತಳಕ್ಕೆ ಕೂರ್ತಿಲ್ಲ, ಎಣ್ಣೆ ಸೋರ್ತಿದೆ. ತಪ್ಪಾಯ್ತಮ್ಮ" ಎಂದರು ನರ್ಸಮ್ಮನಿಗೆ. ಆಮೇಲೆ ತಮ್ಮ ಸ್ಪ್ಯಾನರುಗಳನ್ನು ಒರೆಸಿ ಪೆಟ್ಟಿಗೆಗೆ ಹಾಕತೊಡಗಿದರು.

ಈಗ ಹೇಳಬೇಕು, ಈಗ ಹೇಳಬೇಕು ಎಂದುಕೊಳ್ಳುತ್ತಲೇ ಕ್ಯಾಲಿಪರ್ ಬಿಚ್ಚಿದೆ. ಕೈಗೆ ಎಣ್ಣೆಯಾಯಿತು. ಅಪ್ಪ ಬಿಟ್ಟುಹೋದ ಬಟ್ಟೆ ಎತ್ತಿಕೊಂಡೆ. ಅದರ ಮೇಲೆ ಎಣ್ಣೆಯಲ್ಲಿ ಕರಗಿದ ಹಳದಿ ಬಣ್ಣ ಮೆತ್ತಿತ್ತು. ಕ್ಯಾಲಿಪರ್ ನೋಡಿದೆ, ಗೆರೆಯೇ ಇಲ್ಲ.

"ಅಪ್ಪ, ಗೆರೆ ಎಲ್ಲಿ?"

"ಯಾವ ಗೆರೆ? ಎಣ್ಣೆ ಬಿದ್ದು ಅಳಿಸಿಹೋಗಿರುತ್ತೆ."

"ಎಣ್ಣೆ ಬಟ್ಟೆ ಹಿಡ್ಕೊಂಡು ಒರೆಸುತ್ತಾ?"

ಅವರು ಪೆಟ್ಟಿಗೆಯಿಂದ ತಲೆಯೆತ್ತಲಿಲ್ಲ.

"ನಾನೇ ಬಿಗಿ ಮಾಡಿದ್ದು" ಎಂದೆ. ನರ್ಸಮ್ಮನೂ ಕೇಳಲಿ ಎಂದು ಜೋರಾಗಿಯೇ ಹೇಳಿದೆ. "ನೀನು ಸರಿಯಾಗೇ ಮಾಡಿದ್ದೆ. ನಿನ್ನ ಕೈ ನಂಬದೆ ನಾನು ಮತ್ತೆ ತಿರುಗಿಸಿದೆ."

"ಗೊತ್ತು. ಗೆರೆ ಮುರಿದು ಕಾಲು ಸುತ್ತು ಆಚೆ ಹೋಗಿತ್ತು."

"ಗೊತ್ತಿದ್ದೂ ನಿನ್ನ ಮೇಲೆ ಹಾಕ್ಕೊಂಡೆಯಲ್ಲ, ಏನು ದೊಡ್ಡಸ್ತಿಕೆನಾ?" ನನಗೆ ಅಳು ಬರುವುದು ಸಿಟ್ಟಿನ ದಾರಿಯಲ್ಲೇ.

"ನನ್ನ ಹೆಸರು ಕೆಟ್ರೆ ಮನೇಲಿ ಕೂರ್ತೀನಿ. ನಿನ್ನ ಹೆಸರು ಕೆಟ್ರೆ ಅಂಗಡಿ ನಡೆಯುತ್ತಾ?"

"ಹಾಗಿದ್ರೆ ಪೆಟ್ಟಿಗೆ ಯಾಕೆ ಮುಚ್ತಿದ್ದೀಯ? ಕೈ ಸರಿ ಇದೆಯಲ್ಲ?"

ಅಪ್ಪ ಈಗ ನನ್ನನ್ನು ನೋಡಿದರು. "ಮಗಳೇ ನಂಬದ ಕೈ ಇಟ್ಕೊಂಡು ಏನು ಮಾಡ್ಲಿ?"

ನೆಲ ಬಾಯಿಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ.

ಬಾಯಿಬಿಟ್ಟವರು ನರ್ಸಮ್ಮ. "ನಿಮ್ಮ ಅಪ್ಪ ಮಗಳ ಪಂಚಾಯ್ತಿ ನಾಳೆ ಇಟ್ಕೊಳ್ಳಿ. ಹುಟ್ಟೋ ಮಗು ನಿಮಗೋಸ್ಕರ ಕಾಯಲ್ಲ. ರಿಪೇರಿ ಆಗುತ್ತೋ ಇಲ್ವೋ?"

ಹೊಸ ಕ್ಯಾಲಿಪರ್ ಬರಲು ಎರಡು ದಿನ ಬೇಕು. ಉಳಿದದ್ದು ಒಂದೇ ದಾರಿ: ಹರಿದ ತೂತನ್ನು ಚೂರು ದೊಡ್ಡದು ಮಾಡಿ, ಹೊಸದಾಗಿ ಥ್ರೆಡ್ ಕೊರೆದು, ಒಳಗೊಂದು ಉಕ್ಕಿನ ಸಣ್ಣ ಕೊಳವೆ ಕೂರಿಸಿ, ಅದರೊಳಗೆ ಹೊಸ ಸ್ಕ್ರೂ ಹಾಕುವುದು. ಸ್ಕ್ರೂವಿನ ಮೂತಿ ಕೂರುವ ತಳಕ್ಕೆ ಗೀರು ಬೀಳಬಾರದು, ಕೊರೆಯುವಾಗ ಕೂದಲೆಳೆಯಷ್ಟೂ ವಾಲಬಾರದು. ಕ್ಯಾಲಿಪರನ್ನು ವೈಸಿಗೆ ಕಚ್ಚಿಸಿದೆ. ತಳ ಮುಟ್ಟದಂತೆ ಡ್ರಿಲ್ಲಿಗೆ ಟೇಪು ಸುತ್ತಿ ಗುರುತು ಮಾಡಿ ತೂತು ದೊಡ್ಡದು ಮಾಡಿದೆ. ಥ್ರೆಡ್ ಕೊರೆಯುವ ಟ್ಯಾಪನ್ನು ಅಪ್ಪನ ಮುಂದೆ ಹಿಡಿದೆ.

"ನೀನು ಮಾಡು" ಎಂದೆ.

"ಈಗ ನಂಬಿಕೆ ಬಂತಾ?"

"ಬರ್ತಾ ಇದೆ. ಹೆಚ್ಚು ಮಾತಾಡಿಸಬೇಡ."

ಅವರು ಟ್ಯಾಪನ್ನು ಎಡಗೈಗೆ ತೆಗೆದುಕೊಂಡರು. ಆಗ ನನಗೆ ಹೊಳೆಯಿತು, ನಿನ್ನೆ ಬಿಗಿ ಮಾಡಿದ್ದೂ ಎಡಗೈಯೇ. ಬಲಗೈ ಬರೀ ಹಿಡಿಯುವುದಕ್ಕಿತ್ತು. ಅವರ ಕೈಯನ್ನು ನಾನು ನೋಡಿಯೇ ಇರಲಿಲ್ಲ, ಅವರ ಕಾಯಿಲೆಯನ್ನು ನೋಡುತ್ತಿದ್ದೆ.

"ಆರು ತಿಂಗಳಿಂದ ಮನೇಲಿರೋ ಡಬ್ಬಿ ಮುಚ್ಚಳ ಎಲ್ಲ ಎಡಗೈಯಲ್ಲೇ ಮುಚ್ಚಿ ತೆಗೆದು ಅಭ್ಯಾಸ ಮಾಡಿದೆ. ನಿಮ್ಮಮ್ಮ ದಿನಾ ಬೈತಿದ್ಲಲ್ಲ, ಯಾಕೆ ಅಂದ್ಕೊಂಡೆ?" ಎಂದರು.

ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಲೋಹದ ಪುಡಿ ಉದುರುತ್ತಿತ್ತು. ನಾಲ್ಕು ಸಲ ನಿಲ್ಲಿಸಿದರು, ನಾಲ್ಕು ಸಲವೂ ಕಣ್ಣು ಮುಚ್ಚಿ ಬೆರಳಿಂದಲೇ ಕೇಳಿಸಿಕೊಂಡರು. ಗಾಳಿ ಊದಿ ಪುಡಿಯೆಲ್ಲ ತೆಗೆದು, ತೊಳೆದು, ಕೊಳವೆ ಕೂರಿಸಿದೆವು. ಕ್ಯಾಲಿಪರನ್ನು ಚಕ್ರಕ್ಕೆ ಸೇರಿಸುವಾಗ ಎರಡು ಗಂಟೆ.

ಗಾಳಿ ತೆಗೆಯಲು ಒಬ್ಬರು ಪೆಡಲಿಗೆ, ಒಬ್ಬರು ಸ್ಕ್ರೂಗೆ. ಸ್ಕ್ರೂ ಹತ್ತಿರ ಅಪ್ಪ ಕೂತರು. ನಾನು ಸೀಟಿನಲ್ಲಿ ಕೂತು ಎರಡೂ ಕೈ ಸ್ಟೀರಿಂಗ್ ಮೇಲಿಟ್ಟೆ.

"ಒತ್ತು."

ಒತ್ತಿದೆ.

"ಹಿಡಿ. ಹಾಂ, ಈಗ ಬಿಡು."

ಕೊನೆಯ ಸಲ ಪೆಡಲ್ ಕಲ್ಲಿನಂತೆ ನಿಂತಿತು. ಐದು ನಿಮಿಷ ಕಾಲಿಗೆ ಬಲ ಕೊಟ್ಟು ತುಳಿದು ಹಿಡಿದೆ, ಇಳಿಯಲಿಲ್ಲ. ಬಣ್ಣದ ಡಬ್ಬಿಯ ಮುಚ್ಚಳ ತಿರುಗಿಸುವ ಸದ್ದು ಕೇಳಿಸಿತು. ನಾನು ಕೆಳಗಿಳಿದು ನೋಡಲಿಲ್ಲ. ಬ್ರೇಕ್ ಕೆಲಸ ಮಾಡಿದವರೇ ಮೊದಲ ಸವಾರಿಗೆ ಪಕ್ಕದಲ್ಲಿ ಕೂರಬೇಕೆಂಬುದು ನಮ್ಮ ಗ್ಯಾರೇಜಿನ ನಿಯಮ. ಅಪ್ಪ ನರ್ಸಮ್ಮನ ಪಕ್ಕ ಕೂತು ಗುಡ್ಡದ ಇಳಿಜಾರನ್ನು ಎರಡು ಸಲ ಹತ್ತಿ ಇಳಿದು ಬಂದರು. ಮೂರಕ್ಕೆ ಇನ್ನೂ ಹದಿನೈದು ನಿಮಿಷವಿತ್ತು.

ಮಾರನೇ ದಿನ ನರ್ಸಮ್ಮ ನಿದ್ದೆಗೆಟ್ಟ ಕಣ್ಣಲ್ಲಿ ಬಂದರು. ಹೆಣ್ಣು ಮಗುವಂತೆ, ಗಂಟಲು ಭಾರಿ ಜೋರಂತೆ. "ನಿನ್ನ ಹಾಗೇ" ಎಂದರು. ನಾನು ದೀಪ ಹಿಡಿದು ಬಗ್ಗಿದೆ. ಕ್ಯಾಲಿಪರ್ ಒಣಗಿತ್ತು. ಸ್ಕ್ರೂವಿನಿಂದ ಕ್ಯಾಲಿಪರಿಗೆ ಹಳದಿ ಗೆರೆ ಎಲ್ಲೂ ಮುರಿಯದೆ ಒಂದೇ ಗೆರೆಯಾಗಿತ್ತು. ಸ್ಪ್ಯಾನರ್ ನನ್ನ ಜೇಬಿನಲ್ಲಿತ್ತು.

"ಇನ್ನೊಂದು ಕಾಲು ಸುತ್ತು ಬೇಕೇನೇ?" ಹಿಂದಿನಿಂದ ಅಪ್ಪ ಕೇಳಿದರು.

"ಬೇಡ" ಎಂದೆ. ಸ್ಪ್ಯಾನರ್ ತೆಗೆದು ಅವರ ಎಡಗೈಗೆ ಕೊಟ್ಟೆ.