ಸಾಹೇಬರ ಬಿಳಿ ಅಂಗಿ

"ನಿಮ್ಮ ಹಾಳು ಸೋಪಿನಿಂದಲೇ ಕಣ್ರೇ ಹೊಳೆ ಕೆಟ್ಟಿರೋದು. ನಾಳೆಯಿಂದ ಯಾವ ಮುಂಡೆ ಈ ಕಲ್ಲು ಮುಟ್ತಾಳೋ ನೋಡ್ತೀನಿ."

ಬಣ್ಣದ ಕಾರ್ಖಾನೆಯ ಮ್ಯಾನೇಜರು ದಡದ ಮೇಲೆ ನಿಂತು ಬಟ್ಟೆ ಒಗೆಯುವ ಹೆಂಗಸರನ್ನು ಬಯ್ಯುತ್ತಿದ್ದ. ಅವನ ಬೆನ್ನ ಹಿಂದೆಯೇ ಕಾರ್ಖಾನೆಯ ಕೊಳವೆ ಕೆನ್ನೀಲಿ ನೀರನ್ನು ಗಳಗಳ ಕಾರುತ್ತಿತ್ತು. ಒಗೆಯುವ ಕಲ್ಲು ಹೋದರೆ ಈ ಹೆಂಗಸರ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಅವರಲ್ಲಿ ಚಿಕ್ಕವಳಿಗೆ ಬಾಯಾಳಿ ಎಂದೇ ಹೆಸರು. ನಾಲಿಗೆ ಜಾರೀತೆಂದು ಅತ್ತೆ ಅವಳ ತೊಡೆ ಚಿವುಟಿದಳು.

ಹೊಳೆಯ ಆರೋಗ್ಯ ಪರೀಕ್ಷಿಸಲು ಸರ್ಕಾರದಿಂದ ಬಂದ ಮಹಾನುಭಾವ ಸಾಹೇಬ, ಕೊಳವೆ ದಾಟಿ ಮೇಲಕ್ಕೆ ಹೋಗಿ ತಿಳಿನೀರಲ್ಲಿ ಸೀಸೆ ಅದ್ದಿಕೊಂಡು ಬಂದ. ಅಲ್ಲ, ಅಷ್ಟು ದೊಡ್ಡ ಕೊಳವೆ ಕಾಣದಿರಲು ಅವನ ಕಣ್ಣಿಗೇನು ಪೊರೆ ಬಂದಿತ್ತೇ?

"ನೀರು ಚೆನ್ನಾಗಿದೆ. ಕೆಳಗೂ ಇದೇ ತಾನೇ ಹರಿಯೋದು? ಸೋಪು ನಿಲ್ಲಿಸಿದ್ರೆ ಸಾಕು."

"ಕೊಳವೆ ಕೆಳಗೆ ಮೀನಿರ್ಲಿ, ಕಪ್ಪೆನೂ ಇಲ್ಲ ಸಾಹೇಬ್ರೇ," ಎಂದಳು ಅತ್ತೆ. "ಅಲ್ಲೂ ಒಂದು ಸೀಸೆ ತುಂಬ್ಕೊಳ್ಳಿ."

"ನನಗೇ ಪಾಠ ಹೇಳ್ತೀಯೇನೇ, ಮುದುಕಿ?"

ಅಂದವನೇ ತಿರುಗಿ, ಜಾರಿ, ಕೆಸರಿಗೆ ದೊಪ್ಪನೆ ಬಿದ್ದ. ಬಾಯಾಳಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಕಾರ್ಖಾನೆಯಲ್ಲಿ ಇನ್ನೇನು ಸಭೆ ಶುರುವಾಗುವುದಿತ್ತು. ಸಾಹೇಬ ಅಂಗಿ ಬಿಚ್ಚಿ ಅವಳ ಮೇಲೆಸೆದ.

"ಬೇಗ ಒಗೆದು ಕೊಡು."

ಗಾಢ ಬಣ್ಣದ ಬಟ್ಟೆ ಒಗೆಯುವುದು ಕೊಳವೆಯ ಕೆಳಗಿನ ಈ ಕಲ್ಲಿನ ಬಳಿಯೇ ಹೇಗೋ ನಡೆಯುತ್ತಿತ್ತು. ಬಿಳಿ ಬಟ್ಟೆಗೆ ಮಾತ್ರ ಕಾರ್ಖಾನೆಯ ಬೇಲಿ ಸುತ್ತಿಕೊಂಡು ಹೋಗಿ, ಮೇಲಿನಿಂದ ನೀರು ಹೊತ್ತು ತರಬೇಕು. ಸೊಂಟ ಬಿದ್ದುಹೋಗುವ ಕೆಲಸ. ಅತ್ತೆ ಎಂದಿನಂತೆ ಕೊಡ ಎತ್ತಿಕೊಂಡಳು. ಬಾಯಾಳಿ ಅದನ್ನು ಕಿತ್ತು ಬದಿಗಿಟ್ಟು ಅಂಗಿಯನ್ನು ಅಲ್ಲೇ ಹೊಳೆಗೆ ಅದ್ದಿದಳು. ಅದ್ದಿದಳು, ಕುಕ್ಕಿದಳು, ಹಿಂಡಿದಳು. ಆಹಾ, ಒಳ್ಳೆ ಬದನೆಕಾಯಿ ಬಣ್ಣ.

"ಏನೇ ಮಾಡ್ದೆ, ಹಲ್ಕಾ?" ಬನಿಯನ್ನಿನಲ್ಲಿ ನಿಂತಿದ್ದ ಸಾಹೇಬ ಕಿರುಚಿದ.

"ಒಗ್ದೆ. ನೀವೇ ಚೆನ್ನಾಗಿದೆ ಅಂದ ನೀರಲ್ಲಿ. ಹಾಕ್ಕೊಂಡು ಹೋಗಿ ಸಭೆಗೆ."

ಅತ್ತೆ ಮೊದಲು ಸೊಸೆಯ ಕೈ ಹಿಡಿದೆಳೆದಳು. ಆಮೇಲೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಕಲ್ಲಿನ ಮೇಲೇ ಕೂತುಬಿಟ್ಟಳು. ಎಷ್ಟು ವರ್ಷದ ನಗುವೋ ಏನೋ, ನಿಲ್ಲಲೇ ಇಲ್ಲ.

"ಎದ್ದೇಳ್ರೇ ಇಲ್ಲಿಂದ," ಮ್ಯಾನೇಜರು ಕೈಯೆತ್ತಿಕೊಂಡು ಇಳಿದು ಬಂದ.

"ಏಳ್ತೀವಿ ಸ್ವಾಮಿ," ಅತ್ತೆ ಕಣ್ಣೊರೆಸಿಕೊಂಡಳು. "ನಿಮ್ಮನೇ ಬಟ್ಟೆ ಗಂಟೊಂದಿದೆ. ಮುಗಿಸಿ ಏಳ್ತೀವಿ."

ಗಂಟು ಬಿಚ್ಚಿದಳು. ಪಂಚೆ, ದಿಂಬಿನ ಚೀಲ, ಅಮ್ಮಾವ್ರ ಹೊಸ ಹಾಸಿಗೆಬಟ್ಟೆ, ಎಲ್ಲವೂ ಹಾಲಿನಷ್ಟು ಬಿಳುಪು. ಉಳಿದ ಹೆಂಗಸರು ಬಂದು ಒಂದೊಂದು ಅಂಚು ಹಿಡಿದುಕೊಂಡರು, ಎಲ್ಲರೂ ಒಟ್ಟಿಗೆ ಹೊಳೆಗೆ ಇಳಿಬಿಟ್ಟರು.