ಬಾವಿ ದಂಡೆಯ ರಿಂಗು

"ಈ ಕಡೆ ರಿಂಗ್ ಹೋಗ್ತೈತಿ, ಆಮ್ಯಾಗ ಆ ಬಾಯಿ ಬರ್ತಾಳ," ಎನ್ನುತ್ತ ಗುಲನಾಜ ಫೋನಿನಲ್ಲೇ ಮೂಗಿನಿಂದ ದನಿ ತೆಗೆದಳು. "'ನೀವು ಕರೆ ಮಾಡಿರುವ ಚಂದಾದಾರರು ಉತ್ತರಿಸುತ್ತಿಲ್ಲ.' ಚಂದಾದಾರರಽ, ಇನ್ನ ಎಷ್ಟ ಸಲ ಹಚ್ಚಬೇಕ್ರಿ?"

"ಕೋಡಿನ ಒಂದ ಸಾಲು ತಿದ್ದಾಕತ್ತೇನಿ. ನಿನ್ನ ಗಿರಾಕಿ ಹೋದ ಮ್ಯಾಲ ಮತ್ತೊಮ್ಮಿ ಹಚ್ಚ," ಎಂದು ಕಾವೇರಿ ಫೋನಿಟ್ಟಳು.

ಗುಲನಾಜ ಬಿಸಿಎ ಓದುವಾಗಿನ ಗೆಳತಿ, ಈಗ ಮುದ್ದೇಬಿಹಾಳದಲ್ಲಿ ಝೆರಾಕ್ಸ್ ಅಂಗಡಿ ಇಟ್ಟವಳು. ಕಾವೇರಿ ಕುಳಿತಿದ್ದದ್ದು ಇಂಗಳೇಶ್ವರದ ಹೊಲದ ತಗಡಿನ ಶೆಡ್ಡಿನಲ್ಲಿ, ಮೋಟರಿನ ಸ್ಟಾರ್ಟರ್ ಡಬ್ಬಿಯ ಕೆಳಗೆ. ಹಳೆಯ ಫೋನಿನ ಆಂಡ್ರಾಯ್ಡ್ ತೆಗೆದು ಲಿನಕ್ಸ್ ಹಾಕಿದಂದಿನಿಂದ ಅವಳಿಗೆ ಅದೇ ಧ್ಯಾನ. ತಾನು ಹಚ್ಚಿದರೆ ಕರೆ ಹೋಗುತ್ತಿತ್ತು. ಆದರೆ ಪರದೆ ಆರಿ ಫೋನು ನಿದ್ದೆಗೆ ಜಾರಿತೆಂದರೆ, ಬಂದ ಕರೆ ಅದನ್ನು ಎಬ್ಬಿಸುತ್ತಿರಲಿಲ್ಲ. ಗುಂಡಿ ಒತ್ತಿ ಎಬ್ಬಿಸಿದ ಮೇಲೆ ಯಾರು ಯಾರು ಹಚ್ಚಿದ್ದರೆಂದು ನಿಧಾನಕ್ಕೆ ತೋರಿಸುತ್ತಿತ್ತು.

"ಲಿನಕ್ಸ ಅಲ್ಲ ಇದು, ಲೀನ. ನಿದ್ದಿಯೊಳಗ ಲೀನ," ಎಂದು ಗಂಡ ಕಾಂತು ಬೆಳಿಗ್ಗೆ ನಕ್ಕಿದ್ದ. ಊರಲ್ಲಿ ಅವನು ಅಣಕಿಸದ ದನಿಯಿಲ್ಲ. ಕಂಡಕ್ಟರನ ಸೀಟಿ, ಎಮ್ಮೆಯ ಕೆಮ್ಮು, ತನ್ನದೇ ಫೋನಿನ ರಿಂಗು. ಕಾವೇರಿ ರೊಟ್ಟಿ ಬಡಿಯುವಾಗ ಹಿಂದಿನಿಂದ ಬಂದು ಬಾಯಲ್ಲೇ ರಿಂಗ್ ಮಾಡಿ, ಅವಳು ಹಿಟ್ಟಿನ ಕೈ ಒರೆಸಿಕೊಂಡು ಫೋನು ಹುಡುಕುವುದನ್ನು ನೋಡುವುದೆಂದರೆ ಅವನಿಗೆ ಖುಷಿ.

ಬಾವಿ ಹೊಲದ ಆಚೆ ತುದಿಗಿತ್ತು. ಅಲ್ಲಿಟ್ಟ ಸ್ಟಾರ್ಟರ್ ಕಳುವಾದ ಮೇಲೆ ಹೊಸ ಡಬ್ಬಿಯನ್ನು ಶೆಡ್ಡಿನಲ್ಲೇ ಹಾಕಿಸಿದ್ದರು. ಹೋದ ವಾರ ಮೋಟರು ನಡೆಯುತ್ತಿದ್ದಾಗ ನೀರು ಕುಡಿಯಲು ಇಳಿದ ನಾಯಿ ಮೇಲೆ ಬಂದಿರಲಿಲ್ಲ. ಎಲ್ಲೋ ಕರೆಂಟು ನೀರಿಗಿಳಿಯುತ್ತಿತ್ತು. ಕೇಬಲ್ಲಿನ ಜೋಡಣೆ ಬಿಚ್ಚಿ ಹೊಸದಾಗಿ ಟೇಪು ಸುತ್ತಲು ಕಾಂತು ಇವತ್ತು ಬಾವಿಗಿಳಿದಿದ್ದ.

"ಮ್ಯಾಲ ಬಂದ ಮ್ಯಾಲ ಒಂದ ಮಿಸ್ ಕಾಲ್ ಕೊಡ್ತೇನಿ," ಎಂದಿದ್ದ. "ಆಗ ಚಾಲೂ ಮಾಡು. ಎತ್ತಬ್ಯಾಡ ಮತ್ತ, ರೊಕ್ಕ ಹೊಕ್ಕಾವು."

"ಈಗ ಮಾತಾಡಾಕ ರೊಕ್ಕ ಎಲ್ಲೈತ್ರಿ?"

"ನಮ್ಮಪ್ಪ ಕಲಿಸಿದ ಚಟ. ಬಿಡಂಗಿಲ್ಲ."

ಕಾವೇರಿ ಲ್ಯಾಪ್‌ಟಾಪಿನಲ್ಲಿ ಆ ಸಾಲು ತಿದ್ದಿ, ತಿದ್ದಿದ್ದನ್ನು ಫೋನಿಗೆ ಹಾಕಲು ಅದನ್ನು ಎಬ್ಬಿಸಿದಳು. ಪರದೆಯ ಮೇಲೆ ಕಾಂತುವಿನ ಹೆಸರು. ಮಿಸ್ಡ್ ಕಾಲ್. ಅಂದರೆ ಮೇಲೆ ಬಂದಿದ್ದಾನೆ. ಅವಳು ಎದ್ದು ಹಸಿರು ಗುಂಡಿ ಒತ್ತಿದಳು. ಡಬ್ಬಿ ಗುಂಯ್‌ಗುಟ್ಟಿತು. ಕುಳಿತು ತಿದ್ದಿದ ಸಾಲು ಹಾಕಿದಳು. ಮುಂದಿನ ಕೆಲಸಕ್ಕೆ ಕೈ ಚಾಚಿದಾಗ ಹೆಸರಿನ ಪಕ್ಕದ ಸಣ್ಣ ಅಂಕಿ ಕಣ್ಣಿಗೆ ಬಿತ್ತು. ಎರಡು.

ಕಾಂತು ಎರಡು ಸಲ ಹಚ್ಚುವವನಲ್ಲ. ಒಂದು ಮಿಸ್ ಕಾಲ್ ಅಂದರೆ ಒಂದೇ. ಎರಡನೆಯದು ಮಾತಾಡಲು ಹಚ್ಚಿದ್ದು. ಏನು ಹೇಳುವುದಿತ್ತು? ಮಲಗಿದ ಫೋನಿಗೆ ಎರಡೂ ಒಂದೇ ಆಗಿದ್ದವು.

ಕೆಂಪು ಗುಂಡಿಗೆ ಅಂಗೈಯಿಂದಲೇ ಗುದ್ದಿ ಅವಳು ಹೊಲಕ್ಕೆ ಧಾವಿಸಿದಳು. ಓಡುತ್ತಲೇ ಕಾಂತುವಿಗೆ ಹಚ್ಚಿದಳು. ಕೊಯ್ದು ಬಿಟ್ಟ ತೊಗರಿ ಕಟಗಿಗಳು ಪಾದಕ್ಕೆ ಚುಚ್ಚಿದವು. ಬಾವಿ ಹತ್ತಿರವಾದಂತೆ ಅಲ್ಲಿಂದ ರಿಂಗು ಕೇಳಿಸಿತು. ಜೀವ ತಿರುಗಿ ಬಂದಂತಾಯಿತು. ಬಾಯಲ್ಲೇ ರಿಂಗ್ ಮಾಡಾಕತ್ತಾನ ಹಡಬಿಟ್ಟಿ, ನನ್ನ ಓಡಿಸಿ ಮಜಾ ನೋಡಾಕತ್ತಾನ ಅಂದುಕೊಂಡಳು.

"ಸಾಕ ಮಾಡ್ರಿ ನಿಮ್ಮ ನಾಟಕಾ," ಎಂದು ಕೂಗಿದಳು.

ರಿಂಗು ನಿಲ್ಲಲಿಲ್ಲ. ಉಸಿರು ತೆಗೆದುಕೊಳ್ಳಲೂ ನಿಲ್ಲಲಿಲ್ಲ. ದಂಡೆಯ ಮೇಲೆ ಮಡಿಚಿಟ್ಟ ಅಂಗಿ, ಅದರ ಪಕ್ಕ ಚಪ್ಪಲಿ, ಅಂಗಿಯ ಮೇಲೆ ಫೋನು ಒಂದೇ ಸಮನೆ ಬಾರಿಸುತ್ತಿತ್ತು.

ಅವಳು ಮಂಡಿಯೂರಿ ಬಗ್ಗಿ ನೋಡಿದಳು.

ನೀರಿಗಿಂತ ಒಂದು ಮೆಟ್ಟಿಲು ಮೇಲೆ ಕಾಂತು ಗೋಡೆಗೆ ಬೆನ್ನು ಹಚ್ಚಿ, ಎರಡೂ ಕಾಲು ಎದೆಗೆ ಮಡಿಚಿಕೊಂಡು ಕುಳಿತಿದ್ದ. ಮೈ ಒಣಗಿತ್ತು. ನೀರಿನ ಮೇಲೆ ಸಣ್ಣ ಮೀನುಗಳು ಬೆಳ್ಳಗೆ ತೇಲುತ್ತಿದ್ದವು.

"ಬೋಲ್ಟ್ ಬಿಚ್ಚೂ ಪಾನಾ ಕೆಳಗ ನೀರಾಗ ಉಳದಿತ್ತ," ಎಂದ. ಅದು ಯಾರ ಅಣಕವೂ ಆಗಿರಲಿಲ್ಲ, ಅವನದೇ ದನಿ. "ಚಾಲೂ ಮಾಡಬ್ಯಾಡ ಅಂತ ಹಚ್ಚಿದೆ. ನೀ ಎತ್ತಲಿಲ್ಲ. ಫೋನಿನ ಕಡೆ ಇಲ್ಲ, ಅಂದ್ರ ಚಾಲೂನೂ ಮಾಡಿಲ್ಲ ಅಂದ್ಕೊಂಡ್ನಿ. ನೀರಾಗ ಕಾಲ ಇಡೂದರಾಗ ಮೋಟರ ಗುಂಯ್ ಅಂತು."

ಕಾವೇರಿ ಶೆಡ್ಡಿಗೆ ತಿರುಗಿ ನಡೆದು ಮೂರೂ ಫ್ಯೂಜು ಕಿತ್ತಳು. ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದು, ಗಂಟು ಬಿಚ್ಚಿ, ಅಂಗೈ ಮೇಲಿಟ್ಟು ಅವನಿಗೆ ತೋರಿಸಿದಳು. ಕಾಂತು ಬಹಳ ಹೊತ್ತು ಆ ಫ್ಯೂಜುಗಳನ್ನೇ ನೋಡಿದ. ಆಮೇಲೆ ಮೊದಲು ಹೆಬ್ಬೆರಳು, ಹಿಂದೆಯೇ ಪಾದ ಇಟ್ಟು, ಮೀನುಗಳನ್ನು ಕೈಯಿಂದ ಸರಿಸುತ್ತ ನೀರಿಗಿಳಿದು ಮುಳುಗಿದ.

ಅಷ್ಟರಲ್ಲಿ, ದಂಡೆಯ ಮೇಲೆ ಕುಳಿತ ಅವಳ ಮಡಿಲಿನ ಫೋನು ತಾನಾಗಿ ಎಚ್ಚರವಾಯಿತು. ಪರದೆ ಬೆಳಗಿ, ಗುಲನಾಜಳ ಹೆಸರು ಹೊತ್ತು, ಬಾವಿ ತುಂಬುವಂತೆ ಬಾರಿಸತೊಡಗಿತು. ಕಾವೇರಿ ಫ್ಯೂಜುಗಳನ್ನು ಮುಷ್ಟಿಯಲ್ಲಿ ಬಿಗಿದುಕೊಂಡು, ಗುಳ್ಳೆಗಳೇಳುವ ಜಾಗದಿಂದ ಕಣ್ಣು ಕೀಳದೆ ಕುಳಿತೇ ಇದ್ದಳು.